ಬಂಡಳ್ಳಿಯ ಬಿಸಿಲಲ್ಲಿ ಕಂಬಳಿ

ಕೊಳ್ಳೇಗಾಲದಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಬಂಡಳ್ಳಿಯ ಗೌರಿಯ ಮನೆಗೆ ಆಗ ಫೋನ್ ಇರಲಿಲ್ಲ; ಆಸ್ಪತ್ರೆಯ ಲ್ಯಾಬಿನವನಾದ ನಾನೇ ಹೋಗಬೇಕಾಯಿತು. ಗೌರಿಗೆ ಏಳು ವರ್ಷ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಮಗು, ದಿನಕ್ಕೊಂದು ಮಾತ್ರೆ ನುಂಗಿ ಚೆನ್ನಾಗಿಯೇ ಬೆಳೆದಿತ್ತು. ಹಿಂದಿನ ವಾರ ಮುಖ ಊದಿಕೊಂಡು ಬಂದಾಗ ರಕ್ತದಲ್ಲಿ, ಕಿಡ್ನಿ ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ಏರಿತ್ತು. "ಕಿಡ್ನಿಗೆ ಉರಿಯೂತ ಹತ್ತಿದ್ದರೆ ಮೈಸೂರಿಗೆ ಕಳಿಸಬೇಕು. ಅಲ್ಲೇ ಮೂತ್ರ ಕಾಯಿಸಿ ನೋಡಿ" ಎಂದು ಡಾಕ್ಟರು ಹೊಸ ಮಾತ್ರೆಯ ಬಾಟಲಿಯನ್ನೂ ಕೊಟ್ಟಿದ್ದರು.

ಕಾಮಗೆರೆಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಹನೂರಿನಲ್ಲಿ ಇಡ್ಲಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಬಸ್ಸು ಹತ್ತಿದರೆ ನಿದ್ದೆ ಹೋಗುವವನು ನಾನು. ಅವತ್ತು ಕಣ್ಣು ಮುಚ್ಚಲಿಲ್ಲ.

ಬಂಡಳ್ಳಿಯಲ್ಲಿ ಇಳಿದಾಗ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಗೌರಿ ಜಗಲಿಯ ಮೇಲೆ ಉರಿಬಿಸಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಒಂದು ಹನಿ ಬೆವರಿಲ್ಲ. ಕೆನ್ನೆಯ ಮೇಲೆ ನೊಣ ಹರಿದಾಡುತ್ತಿದ್ದರೂ ಓಡಿಸಲಿಲ್ಲ. "ಗೌರಿ" ಎಂದೆ. ಉತ್ತರವಿಲ್ಲ. ಹೊಸ್ತಿಲು ದಾಟಿದ ಮೇಲೆ ಬೆನ್ನ ಹಿಂದೆ ಮುದುಕಿಯೊಬ್ಬಳ ಒಡಕು ದನಿ ಕೇಳಿತು: "ಏನ್ ಸಾ?"

ತಿರುಗಿದೆ. ಅಲ್ಲಿ ಗೌರಿಯೊಬ್ಬಳೇ ಇದ್ದಳು. ನನಗೆ ಹೆದರಿಕೆಯಾಯಿತು.

ಒಳಗಿಂದ ಅವಳ ಅಜ್ಜಿ ಬಂದರು. "ಕರುದ್ರೆ ಓಗೊಡಕ್ಕೆ ಒತ್ತಾಯ್ತದ ಸಾ. ಅವಳೊಳಗ ಇನ್ಯಾರೋ ಕುಂತವ್ರೆ ಅನ್ನುಸ್ತದ."

"ಮಾತ್ರೆ ಕೊಡ್ತಿದ್ದೀರಾ?"

"ಒಂದಿನಾನೂ ತಪ್ಸಿಲ್ಲ. ಅಗೋ, ಅಲ್ಲಿ ಅದೆ."

ದೇವರ ಗೂಡಿನಲ್ಲಿ, ಎಣ್ಣೆ ದೀಪದ ಮಗ್ಗುಲಿಗೇ ಬಾಟಲಿ. ಮುಟ್ಟಿದರೆ ಕೈ ಚುರ್ ಎಂದಿತು. ಬಿಸಿಗೆ ಈ ಮಾತ್ರೆಯ ಸತ್ವ ಹೋಗುತ್ತದೆ. ಆ ಕೊರತೆಗೇ ಮುಖ ಊದುತ್ತದೆ, ದನಿ ಒಡೆಯುತ್ತದೆ, ಬಿಸಿಲಲ್ಲೂ ಚಳಿಯಾಗುತ್ತದೆ, ಮಾತು ಕೈಕಾಲುಗಳ ಜೊತೆ ಕಿಡ್ನಿಯೂ ನಿಧಾನವಾಗುತ್ತದೆ.

"ಇಲ್ಲಿ ಯಾಕಿಟ್ಟಿರಿ ಅಜ್ಜಿ?"

"ನೀವೇ ಅಲ್ವಾ ಸಾ ಯೋಳಿದ್ದು, ಯಾರೂ ಮುಟ್ಟದ ಜಾಗದಲ್ಲಿ ಮಡಗಿ ಅಂತ?"

ಈ ಬಾಟಲಿ ಕೊಡುವಾಗ ನಾನೇ ಹೇಳಿದ್ದೆ. ಎಲ್ಲರಿಗೂ ಹಾಗೇ ಹೇಳುತ್ತೇನೆ. ತಲೆ ತಗ್ಗಿಸಿ ಹೊಸ ಬಾಟಲಿಯನ್ನು ಟ್ರಂಕಿನಲ್ಲಿ ಇಡಿಸಿದೆ.

ಗೌರಿಯ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಒಲೆಯ ಉರಿಗೆ ಹಿಡಿದೆ. ಕಿಡ್ನಿಯಿಂದ ಪ್ರೋಟೀನ್ ಸೋರಿ ಬೆಳ್ಳಗೆ ಕದಡಿದರೆ ಮೈಸೂರು. ಅಜ್ಜಿ ಕೈಮುಗಿದು ನಿಂತಿದ್ದರು. ಕುದಿಯಿತು, ತಿಳಿಯಾಗಿಯೇ ಉಳಿಯಿತು. ಉರಿಯೂತದ ಗುರುತಿಲ್ಲ, ಮಾತ್ರೆ ಹಿಡಿದರೆ ಮಗು ಮೊದಲಿನಂತಾದೀತು ಎಂದೆ. ಅಜ್ಜಿ ಅತ್ತರು.

ಹೊರಡುವಾಗ ಗೌರಿಗೆ ಕೈ ಬೀಸಿದೆ. ಅವಳು ಸುಮ್ಮನೆ ನೋಡಿದಳು. ಬಸ್ಸು ಬಂತು, ಹತ್ತಿದೆ, ಟಿಕೆಟ್ ತೆಗೆದುಕೊಂಡೆ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಕಂಬಳಿಯೊಳಗಿಂದ ಅವಳ ಕೈ ಆಗಷ್ಟೇ ಮೇಲೇಳುತ್ತಿತ್ತು.