ನೋವಿಲ್ಲದ ಕಾಲು, ಮಲ್ಲಯ್ಯನ ಗುಡ್ಡ

ಬನಹಟ್ಟಿಯಿಂದ ಶ್ರೀಶೈಲದ ಮಲ್ಲಯ್ಯನ ಗುಡಿಗೆ ನಡೆದು ಹೋಗುವ ಜಾತಿಯವಳಲ್ಲ ನಾನು. ಜಮಖಂಡಿಯ ಬ್ಯಾಂಕೊಂದರಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವವಳು. ಬಸ್‌ಸ್ಟ್ಯಾಂಡಿನಿಂದ ಮನೆಗೂ ಆಟೋ ಹತ್ತುತ್ತೇನೆ. ಈ ಸಲ ಯುಗಾದಿಗೆ ಮುಂಚೆ ರಜೆ ಹಾಕಿ ಪಾದಯಾತ್ರೆಗೆ ಹೊರಟದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ನಮ್ಮಣ್ಣ ಶಿವಲಿಂಗಪ್ಪನ ಕಾಲು ಕಾಯಬೇಕಾಗಿತ್ತು.

ಅಣ್ಣ ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುತ್ತಾನೆ. ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಹೋದ ಚಳಿಗಾಲದಲ್ಲಿ ಡಾಕ್ಟರು ಅವನ ಅಂಗಾಲಿಗೆ ಸೂಜಿ ಚುಚ್ಚಿ, ‘ನರ ಸತ್ತಾವು, ಬರಿಗಾಲಲ್ಲಿ ಅಂಗಳಕ್ಕೂ ಇಳೀಬ್ಯಾಡ್ರಿ’ ಎಂದಿದ್ದರು. ಇವನು ಅಲ್ಲಿಂದ ಹಿಗ್ಗಿಕೊಂಡು ಮನೆಗೆ ಬಂದ.

“ನೋಡು ತಂಗಿ, ಕಾದ ಡಾಂಬರ್ ಮ್ಯಾಲ ನಡದ್ರೂ ನನಗ ಏನೂ ಗೊತ್ತಾಗಂಗಿಲ್ಲ. ನನ್ನ ಕಾಲಿನ ನೋವೆಲ್ಲಾ ಮಲ್ಲಯ್ಯ ತಗೊಂಡಾನ,” ಎಂದ.

“ಮಲ್ಲಯ್ಯ ತಗೊಂಡಿಲ್ಲೋ ಅಣ್ಣಾ, ಸಕ್ಕರಿ ಬ್ಯಾನಿ ತಗೊಂಡದ,” ಎಂದೆ. ಅವನು ನಕ್ಕು, ವಿಭೂತಿ ಹಚ್ಚಿಕೊಂಡು ಮಗ್ಗದ ಕಡೆ ಹೋದ.

ಅಣ್ಣನ ಹೆಂಡತಿ, ನಮ್ಮ ವೈನಿಗೆ ಮೊಣಕಾಲು ನೋವು, ನಡೆಯಲಾರಳು. “ನೀನಾರ ಹೋಗವ್ವಾ, ನಿನ್ನ ಬಾಯಿಗೆ ಅಂಜತಾರ,” ಎಂದು ನನ್ನ ಕೈ ಹಿಡಿದಳು. ಅಂಜುತ್ತಾನಂತೆ! ನಾನು ಕೊಂಡುಕೊಟ್ಟ ಬೂಟುಗಳ ಲೇಸಿಗೆ ಲೇಸು ಗಂಟು ಹಾಕಿ ಚೀಲಕ್ಕೆ ನೇತುಹಾಕಿಕೊಂಡು, ಬರಿಗಾಲಲ್ಲೇ ಊರು ಬಿಟ್ಟ ಮಹಾರಾಯ ಅವನು.

ನಮ್ಮ ಓಣಿಯ ತಂಡಕ್ಕೆ ಗುರುಸಿದ್ದಪ್ಪ ಕಾಕಾ ಮುಂದಾಳು. ತಂಡದ ಮುಂದೆ ಕಂಬಿ ಸಾಗುತ್ತದೆ. ಎರಡೂ ತುದಿಗೆ ಅಲಂಕಾರ ಮಾಡಿದ ಬಿದಿರು ಅದು. ಅದರಲ್ಲಿ ಮಲ್ಲಯ್ಯನೇ ಕೂತು ಬರುತ್ತಾನೆಂದು ನಮ್ಮವರ ನಂಬಿಕೆ. ಹೊರುವ ಸರದಿ ಬದಲಾಗುತ್ತಿರುತ್ತದೆ, ಆದರೆ ಕೊನೆಯ ಗುಡ್ಡದಲ್ಲಿ ಮಾತ್ರ ಕೆಳಗೆ ಹೆಗಲು ಕೊಟ್ಟವನೇ ಮೇಲಿನವರೆಗೆ ಹೊರಬೇಕು, ನಡುವೆ ಇಳಿಸುವಂತಿಲ್ಲ. ಈ ಸಲ ಆ ಮಾನ ನಮ್ಮಣ್ಣನದು. ನೋವೇ ಇಲ್ಲದ ಕಾಲಿನವನಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ!

ಜಮಖಂಡಿ ದಾಟಿ ಬೀಳಗಿ ಮುಟ್ಟುವುದರೊಳಗೆ ನನ್ನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದ್ದವು. ಬಿಸಿಲು ಹೊತ್ತಿಗೆ ಮುಂಚೆಯೇ ಏರುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಮೈಮೇಲೆ ಬಂದಂತೆ ಬರುತ್ತಿದ್ದವು. ಊಟಕ್ಕೆ ಕೊರತೆಯಿರಲಿಲ್ಲ, ಅದನ್ನು ಒಪ್ಪಬೇಕು. ಪ್ರತಿ ಊರಿನಲ್ಲೂ ಪೆಂಡಾಲು, ಸಜ್ಜೆರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ, ತಣ್ಣನೆಯ ಮಜ್ಜಿಗೆ. ಗುರುತು ಪರಿಚಯವಿಲ್ಲದವರು ‘ಇನ್ನೊಂದು ರೊಟ್ಟಿ ಹಾಕ್ಸ್ಕೊಳ್ರೀ’ ಎಂದು ಬೆನ್ನು ಬಿದ್ದು ಬಡಿಸುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರುತ್ತಿದ್ದದ್ದು ಊಟದ ನಂತರ. ಅಣ್ಣನ ನೋವಿಲ್ಲದ ಕಾಲಿನ ಸುದ್ದಿ ನಮಗಿಂತ ಮುಂಚೆ ಊರು ಮುಟ್ಟಿರುತ್ತಿತ್ತು. ಹೆಂಗಸರು ತಂಬಿಗೆ ನೀರು ತಂದು ಅವನ ಪಾದ ತೊಳೆದು, ಅರಿಷಿಣ ಬಳಿದು, ಕುಂಕುಮ ಸುರಿದು, ಹಣೆ ಹಚ್ಚುತ್ತಿದ್ದರು. ಪಾದದ ಮೇಲ್ಭಾಗಕ್ಕೆ ಮಾತ್ರ. ಅಂಗಾಲು ಎತ್ತಿ ನೋಡಿದ ಪುಣ್ಯಾತ್ಮರು ಒಬ್ಬರೂ ಇಲ್ಲ. ನಾನು ನೋಡುತ್ತೇನೆಂದರೆ ಕಾಲು ಮಡಚಿ ಪಂಚೆಯೊಳಗೆ ಸೇರಿಸಿಕೊಳ್ಳುತ್ತಿದ್ದ.

“ಯಾತ್ರಿ ಮುಗಿಯೂತನಾ ದವಾ-ಗಿವಾ ಏನೂ ಬ್ಯಾಡ. ಹೊತ್ತಾಂವಗ ಸಂಶಯ ಬರಬಾರದು.”

“ಮಂದಿ ಎಲ್ಲಾ ಮುಟ್ಟಬಹುದು, ಒಡಹುಟ್ಟಿದಾಕಿ ಮುಟ್ಟಬಾರದೇನು?”

“ಅವರು ಭಕ್ತಿಲೆ ಮುಟ್ಟತಾರ. ನೀ ಡಾಕ್ಟರನಂಗ ಮುಟ್ಟತಿ.”

ಇಂಥವನಿಗೆ ಏನು ಹೇಳುವುದು! ರಾಯಚೂರು ಸೀಮೆ ದಾಟುವವರೆಗೆ ಅವನೊಡನೆ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ, ಭಜನೆಯಲ್ಲಿದ್ದ.

ಆತ್ಮಕೂರು ಕಳೆದು ವೆಂಕಟಾಪುರ ಬಂದ ಮೇಲೆ ಡಾಂಬರು ಮುಗಿದು ನಲ್ಲಮಲೆಯ ಕಾಡು ಶುರುವಾಗುತ್ತದೆ. ಬಿಸಿಲಿಗೆ ಎಲೆಯುದುರಿದ ಗಿಡಗಳು, ಕಾಲ ಕೆಳಗೆ ಚೂಪು ಕಲ್ಲು, ಮೂಗಿನ ತುಂಬ ಕೆಂಪು ಧೂಳು. ಅಲ್ಲಲ್ಲಿ ಟ್ಯಾಂಕರಿನ ನೀರು, ಅದಕ್ಕೂ ನೂಕುನುಗ್ಗಲು. ನೀರು ಕುಡಿದವರು ಖಾಲಿ ಬಾಟಲಿಗಳನ್ನು ದೇವರ ಕಾಡಿಗೇ ಎಸೆದು ‘ಹರ ಹರ ಮಹಾದೇವ’ ಎನ್ನುತ್ತಿದ್ದರು. ನಮ್ಮ ಮಂದಿಗೆ ದೇವರು ಬೇಕು, ದೇವರ ಅಂಗಳ ಬೇಡ.

ಕೊನೆಯದು ಭೀಮನಕೊಳ್ಳ. ಗುಡ್ಡ ಸೀಳಿದಂತಿರುವ ಆಳದ ಕಣಿವೆಗೆ ಇಳಿದು, ಎದುರಿನ ಗೋಡೆಯಂಥ ಏರನ್ನು ಕಲ್ಲು ಮೆಟ್ಟಿಲು ಹಿಡಿದು ಹತ್ತಬೇಕು. ಗಟ್ಟಿಮುಟ್ಟಾದ ಹರೆಯದವರೂ ಅಲ್ಲಿ ಕೂತುಬಿಡುತ್ತಾರೆ. ಕೊಳ್ಳದ ತಳದಲ್ಲಿ ಅಣ್ಣ ಕಂಬಿಗೆ ಹೆಗಲು ಕೊಟ್ಟ. ನಾನು ಏದುಸಿರು ಬಿಡುತ್ತ ಅವನ ಬೆನ್ನಿಗೇ ಹತ್ತಿದೆ.

ಸ್ವಲ್ಪ ಏರಿದ ಮೇಲೆ ಮೆಟ್ಟಿಲುಗಳ ಮೇಲೆ ಕೆಂಪು ಕಂಡಿತು. ಹರಕೆಯವರು ಹಚ್ಚಿದ ಕುಂಕುಮ ಇದ್ದೀತು ಎಂದುಕೊಂಡೆ. ಆದರೆ ಅದು ಹಸಿಯಾಗಿತ್ತು. ಅಣ್ಣನ ಎಡಗಾಲು ಎದ್ದಲ್ಲೆಲ್ಲ ಹೊಸದಾಗಿ ಮೂಡುತ್ತಿತ್ತು.

“ಅಣ್ಣಾ, ನಿಂದ್ರು!”

ಅವನು ನಿಲ್ಲಲಿಲ್ಲ. ಸಂದಿನಲ್ಲಿ ನುಗ್ಗಿ ಅವನ ಮುಂದಿನ ಮೆಟ್ಟಿಲಿಗೆ ಅಡ್ಡ ಕೂತುಬಿಟ್ಟೆ. ಹಿಂದಿನವರು ಬೊಬ್ಬೆ ಹಾಕಿದರು. ಗುರುಸಿದ್ದಪ್ಪ ಕಾಕಾ ಓಡಿ ಬಂದ.

“ಏಳವಾ ತಾಯಿ, ಕೊಳ್ಳದಾಗ ಕಂಬಿ ನಿಂದರಸಬಾರದು. ಅಂವನ ಹೆಗಲ ಮ್ಯಾಲ ಮಲ್ಲಯ್ಯ ಅದಾನ.”

“ಮ್ಯಾಲ ಮಲ್ಲಯ್ಯ ಇದ್ರ ಕೆಳಗ ನಮ್ಮಣ್ಣ ಅದಾನ್ರೀ ಕಾಕಾ! ಕಣ್ಣು ಕಾಣಸಂಗಿಲ್ಲೇನ್ರಿ ನಿಮಗ? ರಕ್ತ ಅದು, ರಕ್ತ!”

“ಮಲ್ಲಯ್ಯನ ಪರೀಕ್ಷಾ ಇರತೈತಿ...”

“ಪರೀಕ್ಷಾ ಮಾಡಾಕ ನಿಮ್ಮ ಕಾಲು ಕೊಡ್ರಿ ಮತ್ತ!”

ಕಂಬಿ ಹೊತ್ತೇ ನಿಂತಿದ್ದ ಅಣ್ಣನ ಎಡಗಾಲನ್ನು ಎಳೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಬೀಳದಂತೆ ಇಬ್ಬರು ಹಿಡಿದರು. ಬಾಟಲಿಯ ನೀರು ಸುರಿದು ಅಂಗಾಲಿನ ಧೂಳು, ರಕ್ತ ತೊಳೆದೆ. ಹೆಬ್ಬೆರಳ ಬುಡದಲ್ಲಿ ಚರ್ಮ ಕಪ್ಪಾಗಿತ್ತು, ನಾರುತ್ತಿತ್ತು. ನಡುವೆ ಮುರಿದ ಜಾಲಿಮುಳ್ಳಿನ ತುದಿ. ಇಂದು ಚುಚ್ಚಿದ್ದಲ್ಲ ಅದು. ಎಷ್ಟು ಊರುಗಳಿಂದ ಅದರ ಮೇಲೆಯೇ ನಡೆದಿದ್ದನೋ, ಎಷ್ಟು ಮಂದಿ ಅದೇ ಕಾಲಿಗೆ ಹಣೆ ಹಚ್ಚಿದ್ದರೋ! ಉಗುರಿನಲ್ಲಿ ಹಿಡಿದು ಜಗ್ಗಿದೆ. ಬೆರಳುದ್ದದ ಮುಳ್ಳು ಬಂತು, ಅದರ ಹಿಂದೆ ಕೀವು ಸುರಿಯಿತು. ನೋಡುತ್ತಿದ್ದ ಹೆಂಗಸೊಬ್ಬಳು “ಅಯ್ಯ ಶಿವನೇ” ಎಂದು ಮುಖ ತಿರುವಿದಳು.

ಅಣ್ಣ ಗುಡ್ಡದ ಮೇಲ್ಗಡೆ ನೋಡುತ್ತಿದ್ದವನು ಕೇಳಿದ: “ಏನ್ ಮಾಡಾಕತ್ತಿ ತಂಗಿ? ಲಗೂನ ಕಾಲು ಬಿಡು.”

ಮುಳ್ಳನ್ನು ಎತ್ತಿ ಅವನ ಕಣ್ಣ ಮುಂದೆ ಹಿಡಿದೆ. ಅವನು ಅದನ್ನು ನೋಡಿದ. ಬಗ್ಗಿ ಕಾಲು ನೋಡಿಕೊಂಡ. ಮತ್ತೆ ಮುಳ್ಳು ನೋಡಿದ. “ಇಷ್ಟುದ್ದಾ?” ಎಂದ. ಆಮೇಲೆ ಯಾರೂ ಹೇಳದೆ ತಾನೇ ಕಂಬಿಯನ್ನು ಹೆಗಲಿಂದ ಜಾರಿಸಿ ಕಾಕಾನ ಹೆಗಲಿಗೆ ದಾಟಿಸಿದ. ಅವನ ಟವೆಲ್ಲನ್ನು ಅರ್ಧ ಹರಿದು ಕಾಲಿಗೆ ಸುತ್ತಿದೆ, ಬೂಟು ತೊಡಿಸಿದೆ, ಅವನು ಬೇಡ ಎನ್ನಲಿಲ್ಲ. ಉಳಿದ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಹತ್ತಿದ.

ಮೇಲೆ ಜೀಪು ಸಿಕ್ಕಿತು. ಶ್ರೀಶೈಲದ ವೈದ್ಯಕೀಯ ಶಿಬಿರದಲ್ಲಿ ಗಾಯ ಕತ್ತರಿಸಿ ತೊಳೆದು, ಇಂಜೆಕ್ಷನ್ ಕೊಟ್ಟು, ಡಾಕ್ಟರಮ್ಮ ನನ್ನನ್ನೇ ಬೈದರು. ಬೆರಳು ಹೋಗಬಹುದು, ತಡವಾದರೆ ಪಾದವೇ ಹೋಗಬಹುದು. ಈ ಕಾಲು ನೆಲ ಮುಟ್ಟಬಾರದು, ಈಗಲೇ ಊರಿಗೆ ಹೊರಡಿ ಎಂದರು. ದರ್ಶನದ ಸಾಲು ಬೀದಿಯ ಕೊನೆಯವರೆಗೆ ಬೆಳೆದಿತ್ತು. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮವರಿಗೆ ಮನೆಮಗಳು, ಅವಳಿಗೆಂದು ವೈನಿ ನಮ್ಮ ಮಗ್ಗದ ಸೀರೆ ಕೊಟ್ಟಿದ್ದಳು. ಅದನ್ನು ಅಷ್ಟರಲ್ಲಿ ಕಂಬಿಯೊಡನೆ ಬಂದು ಮುಟ್ಟಿದ್ದ ಕಾಕಾನ ಕೈಗೆ ತುರುಕಿ, ಅವನ ಮುಖ ನೋಡದೆ ಬಸ್‌ಸ್ಟ್ಯಾಂಡಿಗೆ ಬಂದೆ. ಜಾತ್ರೆಯ ವಿಶೇಷ ಬಸ್ಸು, ದರ ಹೆಚ್ಚು, ಸೀಟುಗಳೆಲ್ಲ ಹರಿದಿದ್ದವು. ಕಂಡಕ್ಟರ್ ಒಳ್ಳೆಯವನು, ಅಣ್ಣನಿಗೆ ಕಾಲು ಚಾಚಲು ಮೂರು ಜನರ ಸೀಟು ಬಿಡಿಸಿಕೊಟ್ಟ.

ಬಸ್ಸು ಹೊರಟ ಮೇಲೆ ಅಣ್ಣ ಬಾಯಿ ಬಿಟ್ಟ. “ನೀ ಹೇಳಿದ್ದು ಖರೆ ಇತ್ತು ಬಿಡು. ಆದ್ರ ತಂಗಿ, ಮಲ್ಲಯ್ಯ ಜೋಡಿ ಅದಾನಂತ ತಿಳಕೊಂಡು ಇಷ್ಟು ದೂರ ನಡದೆ. ಒಬ್ಬನ ನಡದೇನಿ ಅಂದಂಗಾತಲ್ಲ.”

ನನಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಘಟ್ಟದ ದಾರಿಯಲ್ಲಿ ಶಿಖರ ಎಂಬ ಜಾಗದಲ್ಲಿ ಬಸ್ಸು ನಿಂತಿತು. ಅಲ್ಲಿಂದ ದೂರದಲ್ಲಿ ಗುಡಿಯ ಶಿಖರ ಕಂಡರೆ ಸಾಕು, ಮತ್ತೆ ಹುಟ್ಟಿಲ್ಲ ಎನ್ನುತ್ತಾರೆ. ಬಸ್ಸಿನವರೆಲ್ಲ ಮುಗಿಬಿದ್ದು ಇಳಿದರು. ಗುಡಿಯಂತೂ ತಪ್ಪಿತ್ತು, ಇದಾದರೂ ಸಿಗಲಿ ಎಂದು ನಾನು ಎದ್ದು ಅವನ ತೋಳು ಹಿಡಿದೆ.

“ಬಾ, ನಾ ಹಿಡಕೋತೀನಿ. ನನ್ನ ಮ್ಯಾಲ ಭಾರ ಹಾಕು.”

“ಕಾಲು ನೆಲಕ್ಕ ಇಡಬ್ಯಾಡ ಅಂದಾರ,” ಎಂದ ಅಣ್ಣ.

ಬನಹಟ್ಟಿಯಿಂದ ಭೀಮನಕೊಳ್ಳದವರೆಗೆ ಇದೇ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಗಂಟಲು ಹರಿದುಕೊಂಡವಳು ನಾನು.

“ಏಳೋ!” ಎಂದು ಚೀರಿದೆ. “ಒಂದ ಸಲ ನೋಡಿ ಬಾರೋ ಅಣ್ಣಾ! ಏಳೋ!”

ಅವನು ಕಾಲನ್ನು ಸೀಟಿನ ಮೇಲೆ ಸರಿಯಾಗಿ ಇಟ್ಟುಕೊಂಡು, ಟವೆಲ್ಲಿನ ಉಳಿದ ಅರ್ಧವನ್ನು ಮುಖದ ಮೇಲೆ ಎಳೆದುಕೊಂಡ.