ಫಿಜಿಯ ವಿಮಾನ ನಿಲ್ದಾಣದಲ್ಲಿ ಉಳಿದ ಸಿಂಗಾರ

ಕೋವಿಡ್ ಮುಗಿದು ವಿಮಾನಗಳು ಮತ್ತೆ ಸರಿಯಾಗಿ ಹಾರತೊಡಗಿದ ವರ್ಷ. ನಾನಾಗ ಶಿರಸಿಯಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದೆ. ಟಿಕೆಟ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಈಗ ಫೋನಿನಲ್ಲಿ ಯಾರು ಬೇಕಾದರೂ ಮಾಡುತ್ತಾರೆ. ನನ್ನ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಟಿಕೆಟ್ ಆದ ಮೇಲೆ, ಹೋಗುವವರಿಗೆ ಆ ದೇಶದ ರೀತಿ ತಿಳಿಸುವಾಗ. ಜನ ತಲೆಯಾಡಿಸುತ್ತ ಕೇಳುತ್ತಾರೆ. ಮನೆಗೆ ಹೋಗಿ, ಒಮ್ಮೆ ಸಿಂಗಾಪುರ ನೋಡಿ ಬಂದ ನೆಂಟ ಹೇಳಿದಂತೆ ಮಾಡುತ್ತಾರೆ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯ ಗಜಾನನ ಹೆಗಡೆಯವರ ಮಗಳು ಸುಮಾ ಫಿಜಿ ದೇಶದ ತವೆಯುನಿ ಎಂಬ ದ್ವೀಪದಲ್ಲಿ ಶಾಲೆ ಟೀಚರು. ಅಲ್ಲಿಯವನೇ ಆದ ಸಹೋದ್ಯೋಗಿಯನ್ನು ಮದುವೆಯಾಗುತ್ತೇನೆ ಎಂದಾಗ ಹೆಗಡೆಯವರು ಅವಳೊಡನೆ ಮಾತೇ ಬಿಟ್ಟಿದ್ದರು. ಸಿದ್ದಾಪುರ ಪೇಟೆಗೆಲ್ಲ ಇದು ಗೊತ್ತಿದ್ದ ಸಂಗತಿ. ಹೆಂಡತಿ ಭಾಗೀರಥಿಯಮ್ಮ ಅತ್ತು ಕರೆದು, ಕೊನೆಗೊಮ್ಮೆ ಮನುಷ್ಯ ಕರಗಿದರು. ಕರಗಿದ್ದು ಅರೆಮನಸ್ಸಿನಿಂದಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಎದುರು ಕೂತು, ಮಗಳನ್ನು ತಾವೇ ಧಾರೆ ಎರೆದು ಕೊಡುವ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ತಂಗೀ, ಕೂಸಿನ ಧಾರೆ ಎರೆಯದು ಆನೇ. ಬೇರೆಯವರ ಕೈಲಿ ಎರೆಸ್ತ್ನಿಲ್ಲೆ."

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಭಾರತೀಯರಿಗೆ ಫಿಜಿಗೆ ಮೊದಲೇ ವೀಸಾ ಬೇಡ, ಆದರೆ ವಾಪಸ್ ಟಿಕೆಟ್ ಕೈಯಲ್ಲಿರಬೇಕು. ಭಾನುವಾರ ಅಂಗಡಿ ತೆರೆದಿರುತ್ತದೆ ಎಂದು ನಂಬಬೇಡಿ. ಹಳ್ಳಿಯೊಳಗೆ ಹೋಗುವಾಗ ಹೆಗಲು, ಮಂಡಿ ಮುಚ್ಚಿರಬೇಕು, ತಲೆಯ ಮೇಲೆ ಟೋಪಿ ಇರಬಾರದು. ಊರಿನ ಹಿರಿಯನಿಗೆ ಕಾವಾ ಎಂಬ ಬೇರಿನ ಕಟ್ಟು ಕೊಟ್ಟು ಕೂರಬೇಕು. "ನಮ್ಮ ಕವಳದ ಹಂಗೇ ಆತಲೆ" ಎಂದರು ಹೆಗಡೆಯವರು. ಬಂದವರಿಗೆ ಎಲೆಯಡಿಕೆ ಕೊಡುವ ರೀತಿ ಬಲ್ಲ ಅವರಿಗೆ ಅದು ಕೂಡಲೇ ತಿಳಿಯಿತು.

ಮುಖ್ಯವಾದವು ಇನ್ನೆರಡು. ದ್ವೀಪಕ್ಕೆ ಹೋಗುವ ವಿಮಾನ ನಮ್ಮ ಟೆಂಪೋದಷ್ಟು ಚಿಕ್ಕದು, ದಿನಕ್ಕೆ ಒಂದೆರಡು, ಮಳೆ ಗಾಳಿ ಎಂದರೆ ಅದೂ ಇಲ್ಲ. ಹಾಗಾಗಿ ದೊಡ್ಡ ವಿಮಾನ ಇಳಿಯುವ ನಾಂದಿ ಊರಿನಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಲೇಬೇಕು. ಎರಡನೆಯದು ಬಯೋಸೆಕ್ಯುರಿಟಿ. ಹೊರಗಿನ ರೋಗ, ಹುಳ ತಮ್ಮ ತೋಟಕ್ಕೆ ಬರಬಾರದೆಂದು ದ್ವೀಪದವರು ಇಟ್ಟ ಕಾವಲು ಅದು. ಗಿಡ, ಬೀಜ, ತಿಂಡಿ ಏನೇ ಇದ್ದರೂ ಇಳಿಯುವಾಗ ಕೊಡುವ ಕಾರ್ಡಿನಲ್ಲಿ 'ಇದೆ' ಎಂದು ಬರೆಯಬೇಕು. ಬರೆದರೆ ಬೇಡವಾದದ್ದನ್ನು ತೆಗೆದಿಟ್ಟು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಬಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಗ್ರಹಚಾರ.

ಹೆಗಡೆಯವರ ಜೊತೆ ಭಾವ ಸುಬ್ರಾಯ ಭಟ್ಟರು ಬಂದಿದ್ದರು. ಸಿಂಗಾಪುರ ನೋಡಿದವರು ಇವರೇ. ಟಿಕೆಟಿನ ದಿನಾಂಕ ನೋಡಿ ಮುಖ ಕಿವುಚಿ, "ಅವತ್ತು ಅಮಾಸೆ. ಅಮಾಸೆ ದಿನ ಯಾರಾರೂ ಮದುವೆಗೆ ಹೊರಡ್ತ್ವ?" ಎಂದರು. ದಿನ ಮುಂದೆ ಹಾಕುವುದು ಬೇಡವೆಂದೆ ನಾನು. ಹಾಗಿದ್ದರೆ ಎರಡು ದಿನ ಮೊದಲೇ ಹೊರಡಿ ಎಂದೆ. ಅಷ್ಟು ಮೊದಲು ಹೋಗಿ ಎಂತ ಮಾಡುವುದು ಎಂದರು. ಕೊನೆಗೆ ಅಮಾವಾಸ್ಯೆಯ ಮರುದಿನದ ಟಿಕೆಟ್ ಆಯಿತು, ನಾನು ಖಾಲಿ ಇಟ್ಟಿದ್ದ ದಿನ ಹೋಯಿತು. ಬೆಳಿಗ್ಗೆ ನಾಂದಿಯಲ್ಲಿ ಇಳಿದು, ಮಧ್ಯಾಹ್ನ ಚಿಕ್ಕ ವಿಮಾನ ಹತ್ತಿ, ಮಾರನೆಯ ಬೆಳಿಗ್ಗೆ ಮುಹೂರ್ತ.

ಹೊರಡುವ ದಿನ ಹೆಗಡೆಯವರು ತಾವೇ ನಿಂತು ತೋಟದಿಂದ ಸಿಂಗಾರ ಕೊಯ್ಯಿಸಿದ್ದರು. ಅಡಿಕೆ ಹೂವಿನ ಗೊನೆ, ನಮ್ಮಲ್ಲಿ ಅದಿಲ್ಲದೆ ಮಂಗಲಕಾರ್ಯವಿಲ್ಲ. ಸಿಂಗಾರ, ವೀಳ್ಯದೆಲೆ, ಸುಲಿಯದ ತೆಂಗಿನಕಾಯಿ ಎಲ್ಲವನ್ನೂ ಒದ್ದೆ ಪಂಚೆಯಲ್ಲಿ ಸುತ್ತಿ, ಮೇಲೆ ಮಡಿಬಟ್ಟೆ ಕಟ್ಟಿದ್ದರು. ನನಗೆ ಇದರ ಸುದ್ದಿಯೇ ಇಲ್ಲ.

ನಾಂದಿಯಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಭಾಗೀರಥಿಯಮ್ಮ ಆಮೇಲೆ ಹೇಳಿದರು. ಗಿಡ, ಬೀಜ ಇದೆಯೇ ಎಂಬಲ್ಲಿ ಹೆಗಡೆಯವರು 'ಇಲ್ಲ' ಎಂದು ಗುರುತು ಹಾಕಿದ್ದರು. ಸುಳ್ಳು ಹೇಳುವ ಯೋಚನೆ ಆ ಮನುಷ್ಯನಿಗಿರಲಿಲ್ಲ. ಅವರ ಮಟ್ಟಿಗೆ ಅದು ಗಿಡವಲ್ಲ, ಬೀಜವಲ್ಲ, ದೇವರ ಸಾಮಾನು. ವಾಸನೆ ಹಿಡಿಯುವ ನಾಯಿ ಬಂದು ಚೀಲದ ಪಕ್ಕ ಕೂತಿತು. ಅಧಿಕಾರಿ ಹೆಂಗಸು ಗಂಟು ಬಿಚ್ಚಲು ಕೈಚಾಚಿದಳು. ನಾಯಿ ಮೂಸಿದ್ದಕ್ಕೇ ಕಂಗಾಲಾಗಿದ್ದ ಹೆಗಡೆಯವರು ಗಂಟನ್ನು ಎದೆಗವಚಿಕೊಂಡು "ಮುಟ್ಟಡಿ, ಮಡಿ ಇದ್ದು" ಎಂದುಬಿಟ್ಟರು. ಅವಳಿಗೆ ಕಂಡದ್ದೇನು? 'ಇಲ್ಲ' ಎಂದು ಬರೆದವನು ಈಗ ಗಂಟು ಬಿಡುತ್ತಿಲ್ಲ. ಅವಳನ್ನು ನಾನು ಬೈಯಲಾರೆ, ಅವಳು ತನ್ನ ಊರಿನ ತೋಟ ಕಾಯುತ್ತಿದ್ದಳು.

ಹಿಂದಿ ಬಲ್ಲ ಅಧಿಕಾರಿಯನ್ನು ಕರೆಸಿದರು. ಪ್ರತಿ ಚೀಲವನ್ನೂ ಬಿಡಿಸಿದರು, ಹೇಳಿಕೆ ಬರೆಸಿಕೊಂಡರು, ದಂಡ ಹಾಕಿದರು. ಸಿಂಗಾರವನ್ನು ಸುಡಲು ಒಯ್ದರು. ಅಷ್ಟರಲ್ಲಿ ತವೆಯುನಿಯ ವಿಮಾನ ಹಾರಿಹೋಗಿತ್ತು. ಮಾರನೆಯ ದಿನದ್ದು ಹೊರಡುವುದು ಮುಹೂರ್ತ ಕಳೆದ ಮೇಲೆ. ಪುರೋಹಿತರು ಬೇರೆ ದ್ವೀಪದಿಂದ ದೋಣಿಯಲ್ಲಿ ಬಂದವರು, ಅಂದೇ ಮರಳಬೇಕಿತ್ತು. ಶಾಲೆಯ ಹೆಡ್‌ಮಾಸ್ತರರೂ ಅವರ ಹೆಂಡತಿಯೂ ನಿಂತು ಧಾರೆ ಎರೆದರು. ಅದನ್ನು ಹೆಗಡೆಯವರು ನಾಂದಿಯ ಲಾಡ್ಜಿನಲ್ಲಿ ಕೂತು ಫೋನಿನಲ್ಲಿ ನೋಡಿದರು.

ಸಂಜೆ ದ್ವೀಪ ಮುಟ್ಟಿದಾಗ ಸುಮಾ ಕಾಲಿಗೆರಗಿದಳು, ಉಣ್ಣಲು ಬಡಿಸಿದಳು. ಆಮೇಲೆ ಹೇಳಿದಳಂತೆ: "ಅಪ್ಪಾ, ಮದುವೆಗೆ ಬಪ್ಲೆ ಮನಸ್ಸಿಲ್ದೇ ಇದ್ರೆ ಮೊದ್ಲೇ ಹೇಳ್ಲಾಗಿತ್ತು."

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಾನೇ ಅವಳಿಗೆ ಫೋನು ಮಾಡಿ ಅಮಾವಾಸ್ಯೆ, ಮಡಿ, ಸಿಂಗಾರ ಎಲ್ಲ ಬಿಡಿಸಿ ಹೇಳಿದೆ. ಸುಮಾ ಪೂರ್ತಿ ಕೇಳಿಸಿಕೊಂಡಳು. "ಅಕ್ಕಾ, ಹುಟ್ಟಿದಾಗಿಂದ ತೋಟದಲ್ಲಿ ಇದ್ದವ ಅಪ್ಪ. 'ಗಿಡದ್ದು ಎಂತಾದ್ರೂ ಇದ್ದ?' ಕೇಳಿದ್ರೆ, ಸಿಂಗಾರ ಹಿಡ್ಕಂಡು 'ಇಲ್ಲೆ' ಹೇಳ್ತ್ನ? ಗೊತ್ತಿದ್ದೇ ಮಾಡಿದ್ದ" ಎಂದಳು. ನಾನು ಮತ್ತೇನು ಹೇಳಿದರೂ ಅದು ಅಪ್ಪನ ವಕಾಲತ್ತಾಗಿ ಕೇಳಿಸಿತು. ಇತ್ತ ಸುಬ್ರಾಯ ಭಟ್ಟರು, ಶಿರಸಿ ಏಜೆಂಟಳು ಟಿಕೆಟ್ ಸರಿ ಮಾಡಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವರಿಗೆ ನಾಚಿಕೆ ಎಂಬುದಿಲ್ಲ, ಈಗಲೂ ಇಲ್ಲ.

ಆಮೇಲೆ ನನ್ನ ಕೌಂಟರಿಗೆ ಬಂದವರಿಗೆ ಗಿಡ, ಬೀಜ ಇದೆಯೇ ಎಂದು ಕೇಳುವುದನ್ನು ಬಿಟ್ಟೆ. "ಪೂಜೆಗೆ ಅಂತ ಎಂತೆಂತ ಕಟ್ಟಿದ್ರಿ?" ಎಂದು ಕೇಳತೊಡಗಿದೆ. ಕೇಳಿದ್ದೇ ತಡ, ತುಳಸಿ, ಗರಿಕೆ, ತೀರ್ಥದ ಬಾಟಲಿ, ಎಲ್ಲದರ ಸುದ್ದಿ ಹೊರಬರುತ್ತಿತ್ತು. ದೇಶದ ಕಾನೂನು ಹೇಳಿದರೆ ಸಾಲದು, ಹೋಗುವವರು ಯಾವುದನ್ನು ಏನೆಂದು ತಿಳಿದಿದ್ದಾರೆ ಎಂಬುದನ್ನೂ ಕೇಳಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟು. ಇದರಿಂದ ಎಷ್ಟೋ ಜನರ ಪ್ರಯಾಣ ಸಲೀಸಾಗಿದೆ. ಹೆಗಡೆಯವರಿಗೆ ಮಾತ್ರ ಏನೂ ಉಪಯೋಗವಾಗಿಲ್ಲ. ಮಗಳ ಪಾಲಿಗೆ ಅವರು ಇವತ್ತಿಗೂ, ಬೇಕೆಂದೇ ಮದುವೆ ತಪ್ಪಿಸಿಕೊಂಡ ಅಪ್ಪ.