ಲೆಂಪಿ ಅಗೆಯದ ಗುಂಡಿ

ಕಿವಿಮಾಕಿಯಲ್ಲಿ ಅಕ್ಟೋಬರ್ ಬಂತೆಂದರೆ ಯಾರ ಹಿತ್ತಲಲ್ಲಿ ಯಾರು ಗುಂಡಿ ಅಗೆಯುತ್ತಿದ್ದಾರೆ ಎಂಬುದರ ಮೇಲೆ ಎಲ್ಲರಿಗೂ ಕಣ್ಣು. ಸುಪೀರಿಯರ್ ಸರೋವರದ ಕಡೆಯ ಗಾಳಿ ಒಮ್ಮೆ ನೆಲವನ್ನು ಕಚ್ಚಿ ಹಿಡಿಯಿತೆಂದರೆ ಮೇ ತಿಂಗಳವರೆಗೆ ಬಿಡುವುದಿಲ್ಲ. ಗುದ್ದಲಿ ಹಾಕಿದರೆ ನೆಲ ಕದಲುವುದಿಲ್ಲ, ಗುದ್ದಲಿ ಬಾಗುತ್ತದೆ. ಹಾಗಾಗಿ ಮನೆಯಲ್ಲಿ ಮುದಿ ನಾಯಿಯೋ ಕಾಯಿಲೆಯ ಬೆಕ್ಕೋ ಇದ್ದವರು ಮಣ್ಣು ಮೆತ್ತಗಿರುವಾಗಲೇ ಗುಂಡಿ ತೋಡಿ, ಹಲಗೆ ಮುಚ್ಚಿ, ಮೇಲೆ ಒಣಹುಲ್ಲು ಹರಡಿ ಇಟ್ಟುಕೊಳ್ಳುತ್ತಾರೆ. ನಾಯಿಯಂತೂ ಯಜಮಾನ ಎಂಥದೋ ದೊಡ್ಡ ಮೂಳೆ ಹೂತಿಡಲು ಹೊರಟಿದ್ದಾನೆಂದು ಭಾವಿಸಿ, ಬಾಲ ಅಲ್ಲಾಡಿಸುತ್ತ ತಾನೂ ನಾಲ್ಕು ಹಿಡಿ ಮಣ್ಣು ಕೆದರಿ ಸಹಾಯ ಮಾಡುತ್ತದೆ.

ಆ ವರ್ಷ ಗುಂಡಿ ಅಗೆಯದೆ ಉಳಿದವಳು ಲೆಂಪಿ ರಂತಾಲಾ.

ಲೆಂಪಿ ನಮ್ಮ ಶಾಲೆಯ ಅಡುಗೆಮನೆಯ ಸಾಮ್ರಾಜ್ಞಿ. ಬಾಗಿಲಿನ ಮೇಲ್ಚೌಕಟ್ಟಿಗೆ ತಲೆ ತಾಗುವ ಎತ್ತರ, ಕೈಯಲ್ಲಿ ರಾಜದಂಡದಂತೆ ಸೌಟು. ಗುರುವಾರದ ಬಟಾಣಿ ಸಾರನ್ನು ಬೇಡವೆಂದ ಮಗು ಆ ಶಾಲೆಯ ಚರಿತ್ರೆಯಲ್ಲಿ ಇಲ್ಲ. ಹೊಸದಾಗಿ ಬಂದ ಹೆಡ್‌ಮಾಸ್ಟರೊಬ್ಬರು ಬೇಡವೆಂದಿದ್ದರು. ಮುಂದಿನ ವರ್ಷ ಅವರು ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡರು. ಆಕೆಗೆ ಮದುವೆಯಿಲ್ಲ, ಅದರ ಬಗ್ಗೆ ವ್ಯಥೆಯೂ ಇಲ್ಲ. ಮನಸ್ಸಿನಲ್ಲಿರುವುದನ್ನು ಬಾಯಲ್ಲಿ ಆಡುವ ಮನುಷ್ಯಪ್ರಾಣಿ ಎಂದರೆ ಇಡೀ ಊರಿಗೆ ಅವಳೊಬ್ಬಳೇ. ಉಳಿದ ನಾವು ಮಾತಿನಲ್ಲಿ ಕಡುಜಿಪುಣರು. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಬೇಲಿಯ ಬಳಿ ಹೋಗಿ, ಇವತ್ತು ಸ್ವಲ್ಪ ಸೆಕೆ ಜಾಸ್ತಿ ಅನಿಸುತ್ತದೆ ಎಂದು ಸೂಚಿಸಿ ಬರುವವರು.

ಲೆಂಪಿಯ ನಾಯಿಯ ಹೆಸರು ನೀಸು. ಅದು ನಮ್ಮಲ್ಲಿ ಏಲಕ್ಕಿ ಹಾಕಿ ಜಡೆ ಹೆಣೆದು ಸುಡುವ ಸಿಹಿ ಬ್ರೆಡ್ಡಿನ ಹೆಸರು. ನಾಯಿಯ ಬಣ್ಣವೂ ಹಾಗೇ, ಹದವಾಗಿ ಸುಟ್ಟ ಕಂದು. ಒಂದು ಚಳಿಗಾಲ ಶಾಲೆಯ ಮೆಟ್ಟಿಲ ಕೆಳಗೆ, ಮುಂಗಾಲು ಮಂಜುಗಟ್ಟಿ ಬಿದ್ದಿದ್ದ ಮರಿಯನ್ನು ಆಕೆ ಏಪ್ರನ್ನಿನಲ್ಲಿ ಸುತ್ತಿಕೊಂಡು ದನದ ಡಾಕ್ಟರು ರೈನೊ ಪೆಲ್ಟೊಲಾ ಅವರ ಬಳಿಗೆ ಓಡಿದ್ದಳು. ಡಾಕ್ಟರು ಆ ಪುಟ್ಟ ಕಾಲನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಸಂಜೆಯವರೆಗೆ ಅಲುಗದೆ ಕೂತರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅಂದಿನಿಂದ ಲೆಂಪಿಯ ಪಾಲಿಗೆ ಭೂಮಿಯ ಮೇಲೆ ಡಾಕ್ಟರೆಂದರೆ ಒಬ್ಬರೇ.

ಅವಳ ಪಾಲಿಗೆ ಮಾತ್ರವಲ್ಲ. ದೊಡ್ಡ ಹಿಮ ಬಿದ್ದ ವರ್ಷ ಪೆಲ್ಟೊಲಾ ಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಜಾರುತ್ತ ಹೋಗಿ ಕರು ಹಾಕಿಸಿದವರು. ಆದರೆ ಕಾಲವೆಂಬ ವೈರಿ ಸೇನಾಪತಿಗಳನ್ನೂ ಬಿಡುವುದಿಲ್ಲ. ಅವರ ಕಣ್ಣಿಗೆ ಹಾಲಿನ ಕೆನೆಯಂತೆ ಪೊರೆ ಬಂತು. ಚಳಿಯಲ್ಲಿ ದುಡಿದ ಬೆರಳುಗಳು ಮರಗಟ್ಟಿದವು. ಕಿವಿ ಮಂದವಾಯಿತು. ಒಮ್ಮೆ ಪಾದ್ರಿಗಳ ಬೆಕ್ಕನ್ನು ಪರೀಕ್ಷಿಸುವಾಗ, ಪಕ್ಕದಲ್ಲಿ ಇಟ್ಟಿದ್ದ ಪಾದ್ರಿಗಳ ತುಪ್ಪಳದ ಟೋಪಿಯನ್ನು ಎತ್ತಿಕೊಂಡು ಸವರಿ, ಜ್ವರ ಇಳಿದಿದೆ, ಆದರೆ ತುಂಬಾ ಬಡಕಲಾಗಿದೆ, ಹಾಲು ಕೊಡಿ ಎಂದರು. ಪಾದ್ರಿಗಳು ಕೃತಜ್ಞತೆ ಹೇಳಿ ಟೋಪಿಯನ್ನು ತಲೆಗಿಟ್ಟುಕೊಂಡು, ಬೆಕ್ಕನ್ನು ಕೋಟಿನೊಳಗೆ ಹಾಕಿಕೊಂಡು ನೇರವಾಗಿ ಸೇತುವೆ ದಾಟಿದರು.

ಸೇತುವೆಯ ಆಚೆ ಡಾಕ್ಟರ್ ಟ್ರೆವಾರೊ ಎಂಬ ಹೆಂಗಸು ಹೊಸ ಆಸ್ಪತ್ರೆ ತೆರೆದಿದ್ದಳು. ಗಾಜಿನ ಬಾಗಿಲು, ಹೊಟ್ಟೆಯೊಳಗೆ ನೋಡುವ ಯಂತ್ರ, ಸಣ್ಣ ಬೆರಳುಗಳು. ನಮ್ಮೂರಿನ ಎಲ್ಲರೂ ಅಲ್ಲಿಗೇ ಹೋಗುತ್ತಿದ್ದರು. ನಮ್ಮೂರಿನ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅಂದರೆ ಬೆಕ್ಕು ತರಕಾರಿ ಚೀಲದಲ್ಲಿ, ನಾಯಿ ಕಾರಿನ ಹಿಂದೆ ಕಂಬಳಿಯ ಕೆಳಗೆ, ಯಜಮಾನರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಯುದ್ಧಕಾಲದ ಗೂಢಚಾರರ ಹಾಗೆ. ಅಲ್ಲಿ ಪರಿಚಿತರು ಕಂಡರೆ ಕಂಡಂತಲ್ಲ. ಬಿಸಿಕಲ್ಲಿಗೆ ನೀರೆರೆದು ಬರಿಮೈಯಲ್ಲಿ ಬೆವರಿಳಿಸುವ ಹಬೆಮನೆಯಲ್ಲಿ ಯಾರು ಹೇಗೆ ಕೂತಿದ್ದರೆಂದು ಹೊರಗೆ ಬಂದು ಹೇಳಬಾರದು ಎಂಬುದು ಅಜ್ಜಂದಿರ ಕಾಲದ ನಿಯಮ; ಅದನ್ನೇ ಟ್ರೆವಾರೊಳ ಆಸ್ಪತ್ರೆಗೂ ವಿಸ್ತರಿಸಿದ್ದೆವು. ನಿಜವಾದ ಮದ್ದು ಅಲ್ಲಿ ಮಾಡಿಸಿಕೊಂಡು, ಮಾರನೆಯ ವಾರ ಅದೇ ಪ್ರಾಣಿಯನ್ನು ಉಗುರು ಕತ್ತರಿಸುವ ನೆಪದಲ್ಲಿ ಪೆಲ್ಟೊಲಾ ಬಳಿ ಕರೆದೊಯ್ಯುವುದು. ಮುದುಕನ ಮನಸ್ಸು ನೋಯಬಾರದಲ್ಲ. ಹೀಗಾಗಿ ಪೆಲ್ಟೊಲಾ ಅವರ ಮುಂದಿನ ಕೋಣೆ ಯಾವಾಗಲೂ ತುಂಬಿ ತುಳುಕುತ್ತಿತ್ತು, ಸಂಪೂರ್ಣ ಆರೋಗ್ಯವಂತ ರೋಗಿಗಳಿಂದ.

ಈ ಒಪ್ಪಂದದ ಸುದ್ದಿ ತಲುಪದೆ ಉಳಿದ ಮನೆಯೂ ಒಂದೇ. ಲೆಂಪಿಗೆ ಹೇಳಿದರೆ ಅವಳು ಅದನ್ನು ಡಾಕ್ಟರ ಮುಖಕ್ಕೇ ಹೇಳುತ್ತಾಳೆ ಎಂಬ ಭಯ ಕೆಲವರಿಗೆ. ಬೇರೆ ಯಾರೋ ಹೇಳಿರಬಹುದು ಎಂಬ ಸಮಾಧಾನ ಉಳಿದವರಿಗೆ.

ಆ ಬೇಸಿಗೆಯ ಕೊನೆಗೆ ನೀಸು ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಹಿಂದಿರುಗಿ ನೋಡತೊಡಗಿತು. ಊಟ ಬಿಟ್ಟಿತು, ವಸಡು ಬಿಳಿಚಿತು. ಪಕ್ಕದ ಮನೆಯ ವೈನೊ ಕಾಂಗಸ್‌ನ ಕರಿ ನಾಯಿ ಮುಸ್ತಿಗೂ ಅದೇ ಲಕ್ಷಣ. ವೈನೊ ಜೀವಮಾನವಿಡೀ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸಿದವನು. ಶನಿವಾರ ಅವನು ಹಬೆಮನೆ ಕಾಯಿಸಿದರೆ ಮೊದಲ ಸರದಿ ಲೆಂಪಿಯದು. ಅವಳು ಬಂದು ಹೋದ ಮೇಲೆ ಬಿಸಿಕಲ್ಲಿನ ಬಳಿ ಒಂದು ತಟ್ಟೆ ತಿಂಡಿ ಇರುತ್ತಿತ್ತು. ಆ ಎರಡು ಮನೆಗಳ ನಡುವಿನ ಮಾತುಕತೆಯೆಲ್ಲ ಬಹುಮಟ್ಟಿಗೆ ಈ ತಟ್ಟೆಯ ಮೂಲಕವೇ ನಡೆಯುತ್ತಿತ್ತು.

ಅಕ್ಟೋಬರಿನ ಮೊದಲಲ್ಲಿ ವೈನೊ ಮುಸ್ತಿಗೆಂದು ಗುಂಡಿ ತೋಡಿದ. ಲೆಂಪಿ ಬೇಲಿಯ ಮೇಲೆ ಮೊಣಕೈ ಊರಿ ಸ್ವಲ್ಪ ಹೊತ್ತು ನೋಡಿದಳು. ನಂತರ, ಜೀವನದಲ್ಲಿ ಮೊದಲ ಬಾರಿಗೆ, ಇನ್ನೊಬ್ಬರ ಸಲಹೆ ಕೇಳಿದಳು.

"ವೈನೊ, ಸುಳ್ಳು ಹೇಳ್ಬೇಡ. ಸೇತುವೆ ಆಚೆ ಆ ಹೆಂಗಸು ಬಂದಿದಾಳಲ್ಲ, ನೀಸುನ ಅಲ್ಲಿಗೆ ಕರ್ಕೊಂಡು ಹೋಗ್ಲಾ? ನೀನು ಯಾರ ಹತ್ರ ತೋರಿಸ್ತೀಯ?"

ವೈನೊ ಗುದ್ದಲಿಯ ಮಣ್ಣು ಕೊಡವಿದ. ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿದ.

"ನಮ್ ಡಾಕ್ಟ್ರ ಹತ್ರಾನೇ. ಇನ್ಯಾರ ಹತ್ರ ಹೋಗ್ಲಿ?"

ಲೆಂಪಿಗೆ ಅಷ್ಟು ಸಾಕಾಯಿತು. ಅವಳ ತರ್ಕವೂ ತಪ್ಪಲ್ಲ. ಬಾಣಲೆಯ ಮುಂದೆ ಸಾಲು ನಿಂತಿದ್ದರೆ ಅಡುಗೆ ಚೆನ್ನಾಗಿದೆ ಎಂದೇ ಅರ್ಥ ಎಂಬುದು ಅಡುಗೆಯವಳಾಗಿ ಅವಳು ಕಂಡುಕೊಂಡ ಸತ್ಯ. ಪೆಲ್ಟೊಲಾ ಅವರ ಬಾಗಿಲಲ್ಲಿ ಊರೇ ಸಾಲು ನಿಂತಿತ್ತು. ಅವಳು ಆ ಸಾಲಿನಲ್ಲಿ ನಿಂತಳು. ಡಾಕ್ಟರು ನೀಸುವಿನ ಹೊಟ್ಟೆಯನ್ನು ಮರಗಟ್ಟಿದ ಬೆರಳುಗಳಿಂದ ಬಹಳ ಪ್ರೀತಿಯಿಂದ, ಬಹಳ ಹೊತ್ತು ಒತ್ತಿ ನೋಡಿ, ಕೊಬ್ಬು ಸ್ವಲ್ಪ ಜಾಸ್ತಿ, ಮೀನೆಣ್ಣೆ ಹಾಕು, ಚಳಿಗಾಲ ದಾಟುತ್ತೆ, ಗುಂಡಿ ಬೇಡ ಎಂದರು. ಲೆಂಪಿ ಗೆದ್ದ ದೊರೆಯ ಹಾಗೆ ಬೀದಿಯಲ್ಲಿ ನಡೆದು ಬಂದಳು. ಕಂಡವರಿಗೆಲ್ಲ ಹೇಳಿದಳು. ಎಲ್ಲರೂ ಒಳ್ಳೆಯದಾಯಿತು ಎಂದರು. ತಮ್ಮ ಬೂಟನ್ನು ನೋಡಿಕೊಂಡು ಎಂದರು.

ಅದೇ ತಿಂಗಳ ಕೊನೆಗೆ ವೈನೊ ಮುಸ್ತಿಯನ್ನು ಬಟ್ಟೆಬುಟ್ಟಿಯಲ್ಲಿ ಹಾಕಿ, ಮೇಲೆ ಚಾದರ ಹೊದಿಸಿ ಸೇತುವೆ ದಾಟಿದ. ಯಂತ್ರದಲ್ಲಿ ಹೊಟ್ಟೆಯೊಳಗಿನ ಗಡ್ಡೆ ಕಂಡಿತು; ಟ್ರೆವಾರೊ ಅದನ್ನು ಕೊಯ್ದು ತೆಗೆದಳು. ಹದಿನೈದು ದಿನಕ್ಕೆ ಮುಸ್ತಿ ಅಳಿಲುಗಳ ಮೇಲೆ ದಂಡೆತ್ತಿ ಹೋಗತೊಡಗಿತು. ಏನು ಮಾಡಿದೆ ಎಂದು ಲೆಂಪಿ ಬೆರಗಾಗಿ ಕೇಳಿದಾಗ, ಡಾಕ್ಟರ ಮೀನೆಣ್ಣೆ ಎಂದ ವೈನೊ. ಲೆಂಪಿ ನೀಸುವಿಗೆ ಎಣ್ಣೆಯನ್ನು ಇಮ್ಮಡಿ ಮಾಡಿದಳು. ಬೋಳಿಸಿದ ಹೊಟ್ಟೆ ಕಾಣಬಾರದೆಂದು ವೈನೊ ನಾಯಿಗೊಂದು ಉಣ್ಣೆಯ ಅಂಗಿ ಬೇಕೆಂದ. ಅದನ್ನೂ ಹೆಣೆದು ಕೊಟ್ಟವಳು ಲೆಂಪಿಯೇ. ಎರಡು ಹೆಣೆದಳು. ಒಂದು ನೀಸುವಿಗೆ.

ಜನವರಿಯ ಒಂದು ಬೆಳಿಗ್ಗೆ ಶಾಲೆಯ ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ಹಾಗೆ ಎಂದೂ ಆಗಿರಲಿಲ್ಲ. ವೈನೊ ಬೇಲಿ ಹಾರಿ ಹೋಗಿ ನೋಡಿದರೆ ಲೆಂಪಿ ಒಲೆಯ ಮುಂದೆ ನೆಲದ ಮೇಲೆ ಕೂತಿದ್ದಳು. ನೀಸುವಿನ ತಲೆ ಅವಳ ತೊಡೆಯ ಮೇಲಿತ್ತು. ಒಂದು ಬೆರಳಿಲ್ಲದ ಆ ಮುಂಗಾಲನ್ನು ಅವಳು ತನ್ನ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅದು ಆಗಲೇ ತಣ್ಣಗಾಗಿತ್ತು.

ಗುಂಡಿ ತೋಡದವರು ಸತ್ತ ಪ್ರಾಣಿಯನ್ನು ಸೌದೆಯ ಕೊಟ್ಟಿಗೆಯಲ್ಲಿ ವಸಂತದವರೆಗೆ ಇಟ್ಟುಕೊಳ್ಳಬೇಕು. ದಿನಾ ಸೌದೆ ತರಲು ಹೋದಾಗ ಅದನ್ನು ದಾಟಿಕೊಂಡು ಹೋಗಬೇಕು. ಲೆಂಪಿ ಅದಕ್ಕೂ ಸಿದ್ಧಳಾಗಿ ಗೋಣಿಚೀಲ ಹುಡುಕುತ್ತಿದ್ದಳು. ವೈನೊ ಬಾಗಿಲಲ್ಲೇ ನಿಂತು, ನನ್ನ ಹಿತ್ತಲಲ್ಲಿ ತೋಡಿದ್ದು ಇದೆ ಎಂದ. ಅವಳು ತಲೆಯಾಡಿಸಿದಳು. ಹಿಮಗಾಡಿಯ ಮೇಲೆ ನೀಸುವನ್ನು ಅದರ ಉಣ್ಣೆಯ ಅಂಗಿಯ ಸಮೇತ ಮಲಗಿಸಿ ಇಬ್ಬರೂ ಎಳೆದರು. ಬೀದಿಯ ನಾಲ್ಕು ಮಂದಿ ಟೋಪಿ ತೆಗೆದು ಹಿಂದೆ ಬಂದೆವು. ವೈನೊ ಹುಲ್ಲು ಸರಿಸಿ ಹಲಗೆ ಎತ್ತಿದ.

ಆಗ ಮನೆಯ ಬಾಗಿಲು ತಳ್ಳಿಕೊಂಡು ಮುಸ್ತಿ ಓಡಿ ಬಂತು. ಅವಸರದಲ್ಲಿ ವೈನೊ ಅದಕ್ಕೆ ಅಂಗಿ ತೊಡಿಸುವುದನ್ನು ಮರೆತಿದ್ದ. ನಾಯಿ ಗಾಡಿಯ ಬಳಿ ಬಂದು ನೀಸುವಿನ ಕಿವಿ ಮೂಸಿ, ಆಟಕ್ಕೆ ಕರೆಯುವ ಹಾಗೆ ಹಿಮದಲ್ಲಿ ಅಂಗಾತ ಉರುಳಿತು. ಹೊಟ್ಟೆಯ ಮೇಲೆ ಕೂದಲು ಇನ್ನೂ ಗಿಡ್ಡ. ನಡುವೆ ಉದ್ದಕ್ಕೆ ಹೊಲಿಗೆಯ ಗೆರೆ.

ಪೆಲ್ಟೊಲಾ ಕೊಯ್ಯುವ ಕತ್ತಿ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಲೆಂಪಿಗೂ ಗೊತ್ತಿತ್ತು. ಅವಳು ಬಗ್ಗಿ ಆ ಗೆರೆಯ ಮೇಲೆ ಒಂದು ಬೆರಳು ಎಳೆದಳು.

"ಸೇತುವೆ ಆಚೆನಾ?"

"ಹೂಂ."

"ನೀಸುಗೂ ಇದೇನಾ ಇದ್ದಿದ್ದು?"

"ಇರ್ಬಹುದು, ಲೆಂಪಿ. ಮುಸ್ತಿಗೆ ಎಡಪಕ್ಕೆ ಕೆಳಗೆ ಗಡ್ಡೆ ಇತ್ತು."

"ನಾನು ನಿನ್ನ ಕೇಳಿದ್ದೆ."

"ಕೇಳಿದ್ದೆ," ಎಂದ ವೈನೊ. ಅವನ ಮೀಸೆಯ ಮೇಲೆ ಉಸಿರು ಮಂಜುಗಟ್ಟುತ್ತಿತ್ತು.

ಅವಳು ನಮ್ಮ ಕಡೆ ತಿರುಗಿ ಒಬ್ಬೊಬ್ಬರ ಮುಖ ನೋಡಿದಳು. ಬಟಾಣಿ ಸಾರು ಉಳಿಸಿದ ಮಕ್ಕಳ ಹಾಗೆ ನಾವೆಲ್ಲ ತಲೆ ತಗ್ಗಿಸಿದ್ದು ನೋಡಿದಾಗ ಅವಳಿಗೆ ಉಳಿದದ್ದೂ ತಿಳಿದಿರಬೇಕು. ಆದರೂ ಗುಂಡಿ ಬೇಡವೆನ್ನಲಿಲ್ಲ. ನಾಯಿ ಚಳಿಯಲ್ಲಿ ಬಿದ್ದಿರಬಾರದು, ಅಷ್ಟೇ. ತಾನೇ ಇಳಿದು ಮಲಗಿಸಿದಳು, ತಾನೇ ಮುಚ್ಚಿದಳು.

ಮರುದಿನ ಬೆಳಿಗ್ಗೆ ಪೆಲ್ಟೊಲಾ ಅವರ ಮುಂದಿನ ಕೋಣೆ ಎಂದಿನಂತೆ ತುಂಬಿತ್ತು. ಲೆಂಪಿ ನೀಸುವಿನ ಖಾಲಿ ಹಗ್ಗ ಹಿಡಿದುಕೊಂಡು ಬಂದು ಕೊನೆಯಲ್ಲಿ ಕೂತಳು. ಪಕ್ಕದವರು ತಮ್ಮ ಬೆಕ್ಕನ್ನು ಎತ್ತಿಕೊಂಡು ಸ್ವಲ್ಪ ಸರಿದು ಕೂತರು. ಅವಳ ಸರದಿ ಬಂದಾಗ ಒಳಗೆ ಹೋದಳು. ಡಾಕ್ಟರಿಗೆ ಕಿವಿ ಮಂದ. ಅವರಿಗೆ ಹೇಳುವ ಗುಟ್ಟನ್ನೂ ಕೂಗಿಯೇ ಹೇಳಬೇಕು. ಹಾಗಾಗಿ ಅವಳು ಹೇಳಿದ್ದು ಹೊರಗಿದ್ದವರಿಗೆಲ್ಲ ಕೇಳಿಸಿತು.

"ಡಾಕ್ಟ್ರೇ, ನೀಸು ಹೋಯ್ತು. ಹೊಟ್ಟೇಲಿ ಗಡ್ಡೆ ಇತ್ತಂತೆ. ನಿಮಗೆ ಕಣ್ಣು ಕಾಣಲ್ಲ, ಕೈಗೆ ತಿಳಿಯಲ್ಲ. ಹೊರಗೆ ಕೂತಿರೋರೆಲ್ಲ ಸೇತುವೆ ಆಚೆ ಮದ್ದು ಮಾಡಿಸ್ಕೊಂಡು ಇಲ್ಲಿಗೆ ಸುಮ್ನೆ ಬರ್ತಾರೆ. ನಾನೊಬ್ಳೇ ನಿಜವಾಗಿ ಬರ್ತಿದ್ದೋಳು."

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮುದುಕನ ದನಿ ಬಂತು.

"ಕಣ್ಣಿನ ವಿಷಯ ನಂಗೊತ್ತು ಕಣಮ್ಮ. ಎಷ್ಟೋ ಸಲ ಬಾಗಿಲು ಮುಚ್ಚೋಣ ಅನ್ಕೊಂಡೆ. ಇಷ್ಟು ಜನ ನನ್ನೇ ನಂಬ್ಕೊಂಡು ಬರ್ತಾರೆ, ಮುಚ್ಚಿದ್ರೆ ಪಾಪ ಎಲ್ಲಿಗೆ ಹೋಗ್ತಾರೆ ಅಂತ ತೆಗೀತಿದ್ದೆ."

ಹೊರಗೆ ಪಾದ್ರಿಗಳು ತಮ್ಮ ಟೋಪಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಸವರತೊಡಗಿದರು.

"ಗಡ್ಡೆ ಎಲ್ಲಿತ್ತು?" ಎಂದು ಡಾಕ್ಟರು ಕೇಳಿದರು. ಲೆಂಪಿ ಅವರ ಕೈ ಹಿಡಿದು ತನ್ನ ಎಡಪಕ್ಕೆಯ ಕೆಳಗೆ ಇಟ್ಟು ತೋರಿಸಿದಳಂತೆ. ಅದನ್ನು ಬಾಗಿಲ ಸಂದಿಯಲ್ಲಿ ಕಂಡವರು ಹೇಳಿದ್ದು.

"ಅಲ್ಲಿ ಮುಟ್ಟಿದ್ನಲ್ಲ," ಎಂದರು ಪೆಲ್ಟೊಲಾ. "ಅಲ್ಲಿ ನಾನು ಮುಟ್ಟಿದ್ದೆ."

ಅವತ್ತೇ ಅವರು ಬಾಗಿಲು ಮುಚ್ಚಿದರು. ಈಗ ನಾವು ಸೇತುವೆಯನ್ನು ಹಗಲಿನಲ್ಲಿ, ನಾಯಿಯ ತಲೆ ಕಾರಿನ ಕಿಟಕಿಯಿಂದ ಹೊರಗೆ ಹಾಕಿಸಿಕೊಂಡು ದಾಟುತ್ತೇವೆ. ಅದರಿಂದ ಯಾರಿಗೂ ಸಂತೋಷವಾದಂತೆ ಕಾಣುವುದಿಲ್ಲ. ಪ್ರತಿ ಭಾನುವಾರ ಲೆಂಪಿ ಮುದುಕರಿಗೆ ಊಟ ಒಯ್ಯುತ್ತಾಳೆ. ವೈನೊ ಶನಿವಾರಗಳಲ್ಲಿ ಹಬೆಮನೆ ಕಾಯಿಸಿ, ಮೊದಲ ಸರದಿಯ ಹೊತ್ತು ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಕೂತು, ಯಾರೂ ಬಾರದಿದ್ದಾಗ ತಾನೊಬ್ಬನೇ ಒಳಗೆ ಹೋಗುತ್ತಿದ್ದ. ತಟ್ಟೆ ಇರುತ್ತಿರಲಿಲ್ಲ. ಬೇಸಿಗೆಯಿಡೀ ಹಾಗೇ ಕಳೆಯಿತು.

ಅಕ್ಟೋಬರ್ ಮತ್ತೆ ಬಂತು. ಮುಸ್ತಿಗೆ ವಯಸ್ಸಾಗಿತ್ತು, ಮುಪ್ಪನ್ನು ಕೊಯ್ದು ತೆಗೆಯುವ ಯಂತ್ರ ಟ್ರೆವಾರೊಳ ಬಳಿಯೂ ಇರಲಿಲ್ಲ. ವೈನೊ ನೀಸು ಮಲಗಿದ್ದ ಜಾಗದ ಪಕ್ಕದಲ್ಲೇ ಹಗ್ಗ ಹಿಡಿದು ಅಳೆದು ಅಗೆಯತೊಡಗಿದ. ಸೊಂಟ ಹಿಡಿದುಕೊಂಡು ನಿಲ್ಲುವುದು, ಮತ್ತೆ ಅಗೆಯುವುದು. ಮುಸ್ತಿ ತನ್ನ ಪಾಲಿನ ಮಣ್ಣು ಕೆದರುತ್ತಿತ್ತು.

ಬೇಲಿಯ ಬಾಗಿಲು ಕಿರುಗುಟ್ಟಿತು. ಲೆಂಪಿ ತನ್ನ ಗುದ್ದಲಿಯೊಂದಿಗೆ ಬಂದು ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡಿದಳು. ವೈನೊ ತಲೆಯೆತ್ತಿದ. ವರ್ಷವಿಡೀ ಕೂಡಿಟ್ಟ ಮಾತು ಅವನ ಬಾಯಿಗೆ ಬಂದಿರಬೇಕು. ಅವಳ ಹೆಸರು ಮಾತ್ರ ಹೊರಬಂತು.

"ಆಳ ಸಾಲ್ದು," ಎಂದಳು ಲೆಂಪಿ. "ಆ ಕಡೆ ಸರ್ಕೊ."

ಅವನು ಸರಿದ. ಅವಳು ಇಳಿದಳು. ಇಬ್ಬರೂ ಕತ್ತಲಾಗುವವರೆಗೆ ಅಗೆದರು.